ವೆಸ್ಟರ್ನ್ ಸಿನಿಮಾ ನೋಡಿದ ಮೇಲೆ ಓದಲು ಕೂರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಳೆಯ ವೆಸ್ಟರ್ನ್, ಅಂದರೆ ಅಮೆರಿಕದ ಪಶ್ಚಿಮ ಭಾಗದ ಕೌಬಾಯ್ ಕಾಲದ ಸಿನಿಮಾ ಒಂದನ್ನು ನೋಡಿ ಎದ್ದ ರಾತ್ರಿ ನಿದ್ದೆ ಬೇಗ ಬರುವುದಿಲ್ಲ. ಇಂಥದ್ದೇ ಕಥೆ ಇನ್ನೊಂದು ಬೇಕು ಅನ್ನಿಸುತ್ತದೆ. ಮರುದಿನ ಯಾವುದೋ ಪಟ್ಟಿ ನೋಡಿ ಅದರಲ್ಲಿರುವ ಅತಿ ಪ್ರಸಿದ್ಧ, ಅತಿ ದಪ್ಪ ಕಾದಂಬರಿ ತರಿಸುತ್ತೇವೆ. ಮೂವತ್ತು ನಲವತ್ತು ಪುಟ ಓದುವಷ್ಟರಲ್ಲಿ ಪುಸ್ತಕ ಕೈಬಿಟ್ಟುಹೋಗುತ್ತದೆ. 'ಸಿನಿಮಾನೇ ಚೆನ್ನಾಗಿತ್ತು' ಅಂತ ಅಲ್ಲಿಗೇ ನಿಲ್ಲಿಸುತ್ತೇವೆ.

ನನಗೂ ಹೀಗೇ ಆಗಿತ್ತು. ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ಸಿಕ್ಕ, 1912ರಲ್ಲಿ ಬಂದ ಜೇನ್ ಗ್ರೇ ಅವರ 'ರೈಡರ್ಸ್ ಆಫ್ ದಿ ಪರ್ಪಲ್ ಸೇಜ್' ತಂದಿದ್ದೆ. ಕುದುರೆ, ಬಂದೂಕು, ಧೂಳು ಸಿಗುತ್ತದೆ ಅಂದುಕೊಂಡು ಕೂತವನಿಗೆ ಯೂಟಾ ಪ್ರಾಂತ್ಯದ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಒಳಜಗಳ, ಪುಟಗಟ್ಟಲೆ ಬೆಟ್ಟ ಕಣಿವೆಯ ವರ್ಣನೆ ಎದುರಾಯಿತು. ತಪ್ಪು ಪುಸ್ತಕದ್ದಲ್ಲ, ಓದಿಗೆ ಹಿಡಿದ ಕ್ರಮದ್ದು. ಕ್ರಮ ಬದಲಿಸಿದ ಮೇಲೆ ಅದೇ ಪುಸ್ತಕ ಖುಷಿಯಿಂದ ಓದಿ ಮುಗಿಸಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೈಗೆ ಬೇಕಾದವು

ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್, ಅಮೆರಿಕದ ಒಂದು ಭೂಪಟ. ಟೆಕ್ಸಸ್, ಆರಿಜೋನಾ, ನ್ಯೂ ಮೆಕ್ಸಿಕೊ, ಕ್ಯಾನ್ಸಸ್, ವಯೋಮಿಂಗ್ ಈ ಐದು ಎಲ್ಲಿವೆ ಅಂತ ಒಮ್ಮೆ ಬೆರಳಿಟ್ಟು ನೋಡಿಕೊಂಡರೆ ಸಾಕು. ಡಿಕ್ಷನರಿ ಮೊಬೈಲಿನಲ್ಲೇ ಇದೆ, ಆದರೆ ಅದನ್ನು ಯಾವಾಗ ತೆಗೆಯಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಮುಂದೆ ಹೇಳುತ್ತೇನೆ.

ಹಂತ 1: ಪುಸ್ತಕ ಹುಡುಕುವ ಮೊದಲು, ನಿಮ್ಮನ್ನು ಹಿಡಿದಿಟ್ಟ ದೃಶ್ಯ ಬರೆದಿಡಿ

ಸಿನಿಮಾ ಮುಗಿದ ಅರ್ಧ ಗಂಟೆಯೊಳಗೆ ಈ ಕೆಲಸ ಆಗಬೇಕು. ಒಂದೇ ಒಂದು ದೃಶ್ಯ, ಎರಡು ಮೂರು ಸಾಲು. 'ಫೈಟಿಂಗ್ ಚೆನ್ನಾಗಿತ್ತು' ಅಂತ ಬರೆದರೆ ಉಪಯೋಗ ಇಲ್ಲ. ಯಾರು ಎಲ್ಲಿ ನಿಂತಿದ್ದರು, ನಿಮಗೆ ಎದೆ ಹೊಡೆದುಕೊಂಡದ್ದು ಯಾವ ಗಳಿಗೆಯಲ್ಲಿ ಅಂತ ಬರೆಯಿರಿ.

1952ರ 'ಹೈ ನೂನ್' ತೆಗೆದುಕೊಳ್ಳಿ. 85 ನಿಮಿಷದ ಚಿತ್ರ. ಅದರಲ್ಲಿ ಜಾಸ್ತಿ ಹೊತ್ತು ಗುಂಡೇ ಹಾರುವುದಿಲ್ಲ. ಮಧ್ಯಾಹ್ನದ ರೈಲಿಗೆ ಒಬ್ಬ ಕೊಲೆಗಾರ ಬರುತ್ತಿದ್ದಾನೆ. ಆಗಷ್ಟೇ ಮದುವೆಯಾದ ಮಾರ್ಷಲ್, ಅಂದರೆ ಊರು ಕಾಯುವ ಅಧಿಕಾರಿ, ಮನೆಮನೆ ಅಲೆದು ಜೊತೆಗೆ ಬನ್ನಿ ಅಂತ ಕೇಳುತ್ತಾನೆ. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸರಿಯುತ್ತಾರೆ. ನಡುನಡುವೆ ಗೋಡೆ ಗಡಿಯಾರ ಕಾಣಿಸುತ್ತದೆ. ನಿಮ್ಮನ್ನು ಹಿಡಿದದ್ದು ಈ ಕಾಯುವಿಕೆ ಆಗಿದ್ದರೆ ಮುಂದಿನ ಕಥೆಯಲ್ಲೂ ಕಾಯುವಿಕೆಯೇ ಇರಬೇಕು. ಬರೀ ಟೋಪಿ, ಕುದುರೆ ಇದ್ದರೆ ಸಾಲದು. ಹೆಚ್ಚಿನವರು ಸೋಲುವುದು ಇಲ್ಲೇ. ಹೊರಗಿನ ವೇಷ ನೋಡಿ ಕಥೆ ಆರಿಸುತ್ತಾರೆ, ಮನಸ್ಸು ಹಿಡಿದದ್ದು ಬೇರೇನೋ ಆಗಿರುತ್ತದೆ.

ಹಂತ 2: ಟೈಟಲ್ ಕಾರ್ಡ್‌ಗೆ ಹಿಂದಿರುಗಿ, ಮೂಲ ಕಥೆ ಪತ್ತೆ ಮಾಡಿ

ಸಿನಿಮಾದ ಮೊದಲ ಎರಡು ನಿಮಿಷ ಮತ್ತೆ ಹಾಕಿ. 'ಇಂಥವರ ಕಥೆಯನ್ನು ಆಧರಿಸಿದ್ದು' ಅನ್ನುವ ಸಾಲು ಬರುತ್ತದಾ ನೋಡಿ. ಹಳೆಯ ಒಳ್ಳೆಯ ವೆಸ್ಟರ್ನ್‌ಗಳಲ್ಲಿ ಎಷ್ಟೋ ಹುಟ್ಟಿದ್ದು ಪತ್ರಿಕೆಯಲ್ಲಿ ಬಂದ ಸಣ್ಣ ಕಥೆಗಳಿಂದ. ನಾನೇ ಓದಿ ನೋಡಿರುವ ಕೆಲವು ಜೋಡಿ ಹೇಳುತ್ತೇನೆ.

'ಹೈ ನೂನ್' ಹಿಂದೆ ಜಾನ್ ಕನ್ನಿಂಗ್‌ಹ್ಯಾಮ್ 1947ರಲ್ಲಿ ಬರೆದ 'ದಿ ಟಿನ್ ಸ್ಟಾರ್' ಇದೆ. 1939ರ 'ಸ್ಟೇಜ್‌ಕೋಚ್' ಹಿಂದೆ ಅರ್ನೆಸ್ಟ್ ಹೇಕಾಕ್ಸ್ ಅವರ 'ಸ್ಟೇಜ್ ಟು ಲಾರ್ಡ್ಸ್‌ಬರ್ಗ್', 1937. ಎರಡೂ ಬಂದಿದ್ದು 'ಕಾಲಿಯರ್ಸ್' ಅನ್ನುವ ವಾರಪತ್ರಿಕೆಯಲ್ಲಿ. 1957ರಲ್ಲೂ 2007ರಲ್ಲೂ ಸಿನಿಮಾ ಆದ '3:10 ಟು ಯೂಮಾ' ಎಲ್ಮೋರ್ ಲೆನರ್ಡ್ 1953ರಲ್ಲಿ ಬರೆದ ಕಥೆ. 1962ರ 'ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್' ಡಾರತಿ ಜಾನ್ಸನ್ ಎಂಬ ಲೇಖಕಿಯದು. ಅವರ 1953ರ ಸಂಕಲನ 'ಇಂಡಿಯನ್ ಕಂಟ್ರಿ' ಸಿಕ್ಕರೆ ಬಿಡಬೇಡಿ. ಈ ಕಥೆಯ ಜೊತೆಗೆ, ಆಮೇಲೆ ಸಿನಿಮಾ ಆದ 'ಎ ಮ್ಯಾನ್ ಕಾಲ್ಡ್ ಹಾರ್ಸ್' ಕೂಡ ಅದರಲ್ಲೇ ಇದೆ.

ಇಲ್ಲಿ ಮೂರು ಕಡೆ ಎಡವುತ್ತೇವೆ.

ಮೊದಲನೆಯದು ಹೆಸರಿನ ಗೊಂದಲ. 'ದಿ ಟಿನ್ ಸ್ಟಾರ್' ಅಂತ ಹುಡುಕಿದರೆ 1957ರ ಅದೇ ಹೆಸರಿನ ಸಿನಿಮಾ ಎದುರಾಗುತ್ತದೆ. ಅದಕ್ಕೂ ಈ ಕಥೆಗೂ ಸಂಬಂಧ ಇಲ್ಲ. ಲೇಖಕರ ಹೆಸರು ಸೇರಿಸಿ ಹುಡುಕಿ.

ಎರಡನೆಯದು ಸಿನಿಮಾ ಆದ ಮೇಲೆ ಅದನ್ನೇ ನೋಡಿ ಬರೆಸಿದ ಪುಸ್ತಕ. ಮುಖಪುಟದಲ್ಲಿ ನಟನ ಫೋಟೋ ಇರುತ್ತದೆ, ಒಳಗೆ ಸಿನಿಮಾದ ಮಾತುಗಳೇ ಇರುತ್ತವೆ. ಹಕ್ಕುಸ್ವಾಮ್ಯದ ಪುಟ ತಿರುವಿ. ಮೊದಲ ಪ್ರಕಟಣೆಯ ವರ್ಷ ಸಿನಿಮಾದ ವರ್ಷಕ್ಕಿಂತ ಹಿಂದಿನದಾ, ಮುಂದಿನದಾ? ಮುಂದಿನದಾಗಿದ್ದರೆ ವಾಪಸ್ ಇಟ್ಟುಬಿಡಿ. ಆದರೆ ನಟನ ಫೋಟೋ ಇದ್ದ ಮಾತ್ರಕ್ಕೆ ತಿರಸ್ಕರಿಸಬೇಡಿ, ಮೂಲ ಕಾದಂಬರಿಗೂ ಮರುಮುದ್ರಣದಲ್ಲಿ ಅದೇ ಫೋಟೋ ಹಾಕುತ್ತಾರೆ. ವರ್ಷವನ್ನೇ ನಂಬಿ.

ಮೂರನೆಯದು ಸಂಕ್ಷಿಪ್ತ ಆವೃತ್ತಿ. ಶಾಲಾ ಮಕ್ಕಳಿಗೆಂದು ಕತ್ತರಿಸಿದ ಪುಸ್ತಕದಲ್ಲಿ ಘಟನೆ ಉಳಿಯುತ್ತದೆ, ಮಾತಿನ ರುಚಿ ಹೋಗುತ್ತದೆ.

ಹಂತ 3: ಸಣ್ಣ ಕಥೆಯಿಂದ ಶುರು, ಒಂದೇ ಕೂತಿಗೆ

ಸಿನಿಮಾ ನೋಡಿದ ಒಂದೆರಡು ದಿನ ಬಿಟ್ಟು ಓದಿ. ಅದೇ ರಾತ್ರಿ ಓದಿದರೆ ಪ್ರತಿ ಸಾಲಿಗೂ ನಟನ ಮುಖವೇ ಅಡ್ಡ ಬರುತ್ತದೆ. ಒಂದು ವಾರ ಬಿಟ್ಟರೆ ಹೋಲಿಸುವಷ್ಟು ನೆನಪೇ ಉಳಿದಿರುವುದಿಲ್ಲ.

ಪೂರ್ತಿ ಕಥೆ ಒಂದೇ ಸಲ ಓದಿ. ಈ ಕಥೆಗಳು ಪತ್ರಿಕೆಯ ಕೆಲವೇ ಪುಟಕ್ಕೆ ಬರೆದವು, ಒಂದು ಗಂಟೆ ಸಾಕು. ಇದು ಮೊದಲ ಓದು, ಡಿಕ್ಷನರಿ ತೆಗೆಯಬೇಡಿ. ಗೊತ್ತಾಗದ ಪದಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗಿ. ಪದಪದಕ್ಕೂ ನಿಂತರೆ ಓದಿನ ಓಟ ಮುರಿಯುತ್ತದೆ, ಈ ಕಥೆಗಳು ನಿಂತಿರುವುದೇ ಓಟದ ಮೇಲೆ.

ಹೆಸರುಗಳು ಬದಲಾಗಿರುತ್ತವೆ, ಗಾಬರಿ ಬೇಡ. 'ಲಿಬರ್ಟಿ ವ್ಯಾಲೆನ್ಸ್'ನಲ್ಲಿ ಜಾನ್ ವೇನ್ ಮಾಡಿದ ಟಾಮ್ ಡೋನಿಫನ್ ಮೂಲ ಕಥೆಯಲ್ಲಿ ಬರ್ಟ್ ಬ್ಯಾರಿಕೂನ್. 'ಸ್ಟೇಜ್‌ಕೋಚ್'ನ ರಿಂಗೋ ಕಿಡ್ ಅಲ್ಲಿ ಮಾಲ್‌ಪೈ ಬಿಲ್. ನೋಟ್‌ಬುಕ್ಕಿನಲ್ಲಿ ಎರಡು ಹೆಸರನ್ನೂ ಅಕ್ಕಪಕ್ಕ ಬರೆದುಕೊಳ್ಳಿ, ಅಷ್ಟೇ.

ಹಂತ 4: ಈ ನಾಲ್ಕು ವಿಷಯ ಗೊತ್ತಿದ್ದರೆ ಅರ್ಧ ಕಥೆ ತಾನಾಗೇ ಬಿಚ್ಚಿಕೊಳ್ಳುತ್ತದೆ

ಈಗ ಗೆರೆ ಎಳೆದ ಪದಗಳಿಗೆ ಬನ್ನಿ. ಎಲ್ಲವನ್ನೂ ಹುಡುಕಬೇಡಿ. ಕಥೆ ತಿರುಗುವುದು ಕೆಲವೇ ಪದಗಳ ಮೇಲೆ.

ಅಧಿಕಾರಿ ಯಾರು ಅನ್ನುವುದು ಮೊದಲು. ಷೆರಿಫ್ ಅಂದರೆ ಕೌಂಟಿಯ ಜನ ಓಟು ಹಾಕಿ ಆರಿಸಿದವನು. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಊರ ಮಾರ್ಷಲ್ ಅಂದರೆ ಆ ಊರಿನವರು ಸಂಬಳ ಕೊಟ್ಟು ಇಟ್ಟುಕೊಂಡವನು. ಯುಎಸ್ ಮಾರ್ಷಲ್ ಕೇಂದ್ರ ಸರ್ಕಾರದವನು. ಇದು ತಿಳಿದರೆ 'ಹೈ ನೂನ್'ನಲ್ಲಿ ಊರವರು ಕೈಬಿಟ್ಟಾಗ ಆಗುವ ನೋವು ಇನ್ನೂ ಆಳಕ್ಕಿಳಿಯುತ್ತದೆ. ಅವನನ್ನು ಇಟ್ಟುಕೊಂಡವರೇ ಅವರು. ಇನ್ನು ಪಾಸಿ ಅಂದರೆ ಕಳ್ಳನನ್ನು ಹಿಡಿಯಲು ಅವಸರಕ್ಕೆ ಕಟ್ಟಿದ ಊರವರ ಗುಂಪು.

ಎರಡನೆಯದು ಭೂಮಿ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಒಂದು ಕುಟುಂಬ 160 ಎಕರೆ ಹಿಡಿದು, ಐದು ವರ್ಷ ಅಲ್ಲೇ ವಾಸ ಮಾಡಿ ಉತ್ತರೆ ಜಮೀನು ಅವರದು. ಅದಕ್ಕೂ ಮೊದಲು ಅಲ್ಲಿ ದೊಡ್ಡ ದನದ ಸಾಹುಕಾರರು ಬೇಲಿಯೇ ಇಲ್ಲದೆ ಸಾವಿರಾರು ದನ ಮೇಯಿಸುತ್ತಿದ್ದರು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಆಮೇಲೆ ಬೇಲಿ ಹಾಕುವುದು ಅಗ್ಗವಾಯಿತು, ಜಗಳ ಜೋರಾಯಿತು. ಹಂತ 8ರಲ್ಲಿ ಬರುವ 'ಶೇನ್' ಕಾದಂಬರಿಯ ಪೂರ್ತಿ ಬೆಂಕಿ ಇದೇ. ಗೋಮಾಳ ಒತ್ತುವರಿಯ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ದೂರ. ಟೆಕ್ಸಸ್‌ನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣಕ್ಕೆ ದನ ಹೊಡೆದುಕೊಂಡು ಹೋದರೆ ದಿನಕ್ಕೆ ಹೆಚ್ಚೆಂದರೆ 25 ಕಿಲೋಮೀಟರ್. ಎರಡು ಮೂರು ತಿಂಗಳ ಪ್ರಯಾಣ. ಹಾಗಾಗಿ ಈ ಕಥೆಗಳಲ್ಲಿ ರೈಲು ಬರುವುದು ಸಣ್ಣ ಸಂಗತಿಯಲ್ಲ.

ನಾಲ್ಕನೆಯದು ಕಣ್ಣಿಗೆ ಸುಲಭ ಅನ್ನಿಸಿ ದಾರಿ ತಪ್ಪಿಸುವ ಪದಗಳು. 'ಸ್ಟೇಜ್ ಟು ಲಾರ್ಡ್ಸ್‌ಬರ್ಗ್'ನಲ್ಲಿ ವಿಸ್ಕಿ ಡ್ರಮ್ಮರ್ ಒಬ್ಬ ಬರುತ್ತಾನೆ. ಅವನು ಡ್ರಮ್ ಬಾರಿಸುವವನಲ್ಲ, ಊರೂರು ತಿರುಗಿ ವಿಸ್ಕಿಗೆ ಆರ್ಡರ್ ಹಿಡಿಯುವ ಮಾರಾಟಗಾರ. ಡ್ರೈ ಗುಡ್ಸ್ ಅಂಗಡಿ ಅಂದರೆ ಜವಳಿ ಅಂಗಡಿ. ಕರಾಲ್ ಅಂದರೆ ದೊಡ್ಡಿ. ರಸ್ಲರ್ ಅಂದರೆ ದನ ಕದಿಯುವವನು. ಇಂಥ ಕಡೆ ಮಾತ್ರ ಡಿಕ್ಷನರಿ ತೆಗೆಯಿರಿ.

ಹಂತ 5: ಸಂಭಾಷಣೆಯನ್ನು ಬಾಯಿಬಿಟ್ಟು ಓದಿ

'ರೆಕನ್', 'ಐಂಟ್' ಥರದ ಮಾತು, ಅರ್ಧ ನುಂಗಿದ ಪದಗಳು ಕಣ್ಣಿಗೆ ಕಷ್ಟ, ಕಿವಿಗೆ ಸುಲಭ. ಮೈಸೂರು ಕಡೆಯವರು ಧಾರವಾಡದ ಮಾತಿರುವ ಕಥೆ ಮೊದಲ ಸಲ ಓದುವಾಗ ಏನು ಮಾಡುತ್ತಾರೆ? ಒಂದೆರಡು ಪುಟ ಜೋರಾಗಿ ಓದುತ್ತಾರೆ, ಆಮೇಲೆ ಅದೇ ಲಯ ಹಿಡಿಯುತ್ತದೆ ಅಲ್ವಾ? ಇಲ್ಲೂ ಅಷ್ಟೇ.

ಹಂತ 6: ಸಿನಿಮಾ ಏನನ್ನು ಬದಲಿಸಿತು ಅಂತ ಹುಡುಕಿ

ನನಗೆ ಅತಿ ಇಷ್ಟದ ಹಂತ ಇದು. ಕಥೆ ಮತ್ತೊಮ್ಮೆ ಓದಿ, ನೋಟ್‌ಬುಕ್ ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಥೆ, ಬಲಕ್ಕೆ ಸಿನಿಮಾ. ಯಾವುದು ಮೇಲು ಅಂತ ತೀರ್ಪು ಕೊಡಲು ಹೋಗಬೇಡಿ. ಏನು ಬದಲಾಯಿತು, ಅದರಿಂದ ಕಥೆಯ ಭಾರ ಯಾವ ಕಡೆ ವಾಲಿತು ಅಂತ ಮಾತ್ರ ನೋಡಿ.

'ದಿ ಟಿನ್ ಸ್ಟಾರ್' ಓದುವಾಗ ನನಗೆ ಮೊದಲು ಕಂಡದ್ದು ಕೈ. ಇಲ್ಲಿನ ಡೋನ್ ಒಬ್ಬ ಮುದಿ ಷೆರಿಫ್. ಸಂಧಿವಾತ ಹಿಡಿದ ಕೈ. ಪಿಸ್ತೂಲು ಹಿಡಿದು ಬದುಕಿದವನಿಗೆ ಬೆರಳೇ ಮಡಚದಿದ್ದರೆ? ಸಿನಿಮಾದಲ್ಲಿ ಹೊಸ ಹೆಂಡತಿ ಇದ್ದಾಳೆ, ಗ್ರೇಸ್ ಕೆಲಿ. ಕಥೆಯಲ್ಲಿ ಹೆಂಡತಿ ಸತ್ತಿದ್ದಾಳೆ, ಅವನು ಹೂವು ಹಿಡಿದು ಅವಳ ಸಮಾಧಿಗೆ ಹೋಗುತ್ತಾನೆ. ಬಿಟ್ಟು ಓಡಿಹೋಗಲು ಸಿನಿಮಾದವನಿಗೆ ಮುಂದೆ ಒಂದು ಬಾಳು ಕಾದಿದೆ. ಕಥೆಯವನಿಗೆ ಹಿಂದೆ ಒಂದು ಗೋರಿ ಮಾತ್ರ. ಓಡದೇ ಇರುವುದು ಇಬ್ಬರೂ ಹೌದು, ಆದರೆ ಕಾರಣದ ರುಚಿಯೇ ಬೇರೆ. ಸಿನಿಮಾ ಮಾತ್ರ ನೋಡಿದವರಿಗೆ ಈ ಎರಡನೇ ಮನುಷ್ಯ ಸಿಗುವುದೇ ಇಲ್ಲ.

'3:10 ಟು ಯೂಮಾ'ದಲ್ಲಿ ಬದಲಾವಣೆ ಇನ್ನೂ ದೊಡ್ಡದು. ಸಿನಿಮಾದಲ್ಲಿ ಕೈದಿಯನ್ನು ರೈಲಿಗೆ ಮುಟ್ಟಿಸುವವನು ಬರದಿಂದ ಸೋತ, ದುಡ್ಡು ಬೇಕಾದ ಒಬ್ಬ ರೈತ. ಕಥೆಯಲ್ಲಿ ಅವನು ಡೆಪ್ಯುಟಿ ಮಾರ್ಷಲ್, ಇದು ಅವನ ಡ್ಯೂಟಿ. ಕೈದಿಯ ಜೊತೆ ಅವನು ಊರು ಮುಟ್ಟುವಲ್ಲಿಂದಲೇ ಕಥೆ ಶುರುವಾಗುತ್ತದೆ. ಅಂದರೆ ಸಿನಿಮಾದ ಮೊದಲ ಅರ್ಧ ಕಥೆಯಲ್ಲಿ ಇಲ್ಲವೇ ಇಲ್ಲ. ಹೆಚ್ಚು ಹೊತ್ತು ಒಂದು ಹೋಟೆಲ್ ಕೋಣೆ, ಇಬ್ಬರು ಗಂಡಸರು, ಕಿಟಕಿ. ನೀವು ಬರೆಯುವವರಾಗಿದ್ದರೆ ಆ ಕೋಣೆಯ ಪುಟಗಳನ್ನು ಎರಡು ಸಲ ಓದಿ.

ಹಂತ 7: ಜೋಡಿ ಕಥೆ ಹುಡುಕಿ

ಮೂಲ ಕಥೆ ಆಯಿತು. ಈಗ ಹಂತ 1ರಲ್ಲಿ ಬರೆದಿಟ್ಟ ದೃಶ್ಯ ತೆಗೆಯಿರಿ. ಅದೇ ಭಾವ ಇರುವ ಬೇರೆ ಕಥೆ ಬೇಕು. ಮೂಲ ಕಥೆಯೇ ಇಲ್ಲದ ಸಿನಿಮಾ ನೋಡಿದವರು ನೇರವಾಗಿ ಇಲ್ಲಿಗೇ ಬನ್ನಿ. ಕೆಳಗೆ ಹೇಳುವ ಕಥೆಗಳೆಲ್ಲ ನೂರು ವರ್ಷ ದಾಟಿದವು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಕಾಯುವಿಕೆ ಹಿಡಿಸಿತ್ತಾ? ಸ್ಟೀಫನ್ ಕ್ರೇನ್ ಅವರ 'ದಿ ಬ್ರೈಡ್ ಕಮ್ಸ್ ಟು ಯೆಲ್ಲೋ ಸ್ಕೈ', 1898. ಇಲ್ಲೂ ಮಾರ್ಷಲ್ ಇದ್ದಾನೆ, ಹೊಸ ಹೆಂಡತಿ ಇದ್ದಾಳೆ, ರೈಲೂ ಇದೆ. ಆದರೆ ರೈಲಿನಲ್ಲಿ ಬರುತ್ತಿರುವುದು ಕೊಲೆಗಾರನಲ್ಲ, ಮದುಮಕ್ಕಳೇ! ಊರಿಗೆ ಹೇಳದೆ ಮದುವೆಯಾದ ಸಂಕೋಚದಲ್ಲಿ ಬೆವರುತ್ತಾ ಬರುತ್ತಾನೆ ಮಾರ್ಷಲ್. ಅತ್ತ ಊರಿನಲ್ಲಿ ಕುಡಿದ ಬಂದೂಕುಗಾರ ಬೀದಿ ಬೀದಿ ಕೂಗಾಡುತ್ತಿದ್ದಾನೆ. 'ಹೈ ನೂನ್' ನೋಡಿದವರು ಇದನ್ನು ಓದಲೇಬೇಕು.

'ಸ್ಟೇಜ್‌ಕೋಚ್'ನಲ್ಲಿ ಊರಿಂದ ಹೊರಹಾಕಿದ ಹೆಂಗಸು, ಜೂಜುಗಾರ, ಹೀಗೆ ಒಂದೇ ಗಾಡಿಯಲ್ಲಿ ಸಿಕ್ಕಿಹಾಕಿಕೊಂಡವರು ಇಷ್ಟವಾದರಾ? ಬ್ರೆಟ್ ಹಾರ್ಟ್ ಅವರ 'ದಿ ಔಟ್‌ಕಾಸ್ಟ್ಸ್ ಆಫ್ ಪೋಕರ್ ಫ್ಲಾಟ್', 1869. ಗಾಡಿಯ ಬದಲು ಹಿಮ. ಆಮೇಲೆ ಮೊಪಾಸಾ 1880ರಲ್ಲಿ ಬರೆದ 'ಬುಲ್ ದ ಸ್ವಿಫ್' ಓದಿ. ಫ್ರಾನ್ಸಿನ ಯುದ್ಧಕಾಲದ ಒಂದು ಸಾರೋಟು, ಅದರೊಳಗೆ ಮರ್ಯಾದಸ್ಥರ ನಡುವೆ ಒಬ್ಬ ವೇಶ್ಯೆ. ವೆಸ್ಟರ್ನ್ ಅಲ್ಲ, ಆದರೆ ಇದಕ್ಕಿಂತ ಹತ್ತಿರದ ನೆಂಟ ಇಲ್ಲ.

1966ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ನೋಡಿ ಕುತ್ತಿಗೆಗೆ ಬಿದ್ದ ಹಗ್ಗ, ಅಮೆರಿಕದ ಅಂತರ್ಯುದ್ಧದ ಹೆಣಗಳು ಕಾಡಿದರೆ ಆಂಬ್ರೋಸ್ ಬಿಯರ್ಸ್ ಕಥೆಗಳಿಗೆ ಹೋಗಿ. ಅವರು ಆ ಯುದ್ಧದಲ್ಲಿ ಸೈನಿಕರಾಗಿದ್ದವರು. 1890ರ 'ಆನ್ ಅಕರೆನ್ಸ್ ಅಟ್ ಔಲ್ ಕ್ರೀಕ್ ಬ್ರಿಡ್ಜ್'ನಲ್ಲಿ ಒಬ್ಬ ರೈಲು ಸೇತುವೆಯ ಮೇಲೆ ಕುತ್ತಿಗೆಗೆ ಹಗ್ಗ ಹಾಕಿಸಿಕೊಂಡು ನಿಂತಿದ್ದಾನೆ. ಕಥೆಯ ಬಗ್ಗೆ ಏನೂ ಓದದೆ ನೇರ ಕಥೆಯನ್ನೇ ಓದಿ.

ಶಾಲೆಯಲ್ಲಿ ಓದಿದ ಓ. ಹೆನ್ರಿಯನ್ನೂ ಮರೆಯಬೇಡಿ. 1882ರಲ್ಲಿ ಟೆಕ್ಸಸ್‌ಗೆ ಹೋಗಿ ಕುರಿ ಸಾಕುವ ರ‍್ಯಾಂಚ್‌ನಲ್ಲಿ ಇದ್ದವರು ಅವರು. 'ದಿ ಕಬಲೆರೋಸ್ ವೇ' ಕಥೆಯ ಸಿಸ್ಕೋ ಕಿಡ್ ಆಮೇಲಿನ ಸಿನಿಮಾ, ಟೀವಿಗಳಲ್ಲಿ ಒಳ್ಳೆಯವನಾದ. ಮೂಲದಲ್ಲಿ ಅವನನ್ನು ನೋಡಿದರೆ ಮೈ ತಣ್ಣಗಾಗುತ್ತದೆ.

ಹಂತ 8: ಈಗ ಕಾದಂಬರಿ ಹಿಡಿಯಿರಿ

ನಾಲ್ಕೈದು ಸಣ್ಣ ಕಥೆ ಆದ ಮೇಲೆ ಮಾತ್ರ. ಮೊದಲನೆಯದು ಜಾಕ್ ಶೇಫರ್ ಅವರ 'ಶೇನ್', 1949. ತೆಳು ಪುಸ್ತಕ. ಹುಡುಗನಾಗಿದ್ದಾಗ ಕಂಡದ್ದನ್ನು ದೊಡ್ಡವನಾದ ಮೇಲೆ ಬಾಬ್ ಹೇಳುತ್ತಾನೆ. ಸಿನಿಮಾದಲ್ಲಿ ಇವನೇ ಜೋಯಿ. ಸಿನಿಮಾದ ಶೇನ್ ತೊಟ್ಟಿದ್ದ ತಿಳಿ ಬಣ್ಣದ ಚರ್ಮದ ಬಟ್ಟೆ ಮರೆತುಬಿಡಿ, ಪುಸ್ತಕದವನು ಕಪ್ಪು ಛಾಯೆಯ ಬಟ್ಟೆಯವನು.

ಇದರಲ್ಲಿ ಒಂದು ಕಡೆ ನಿಧಾನ ಮಾಡಿ. ಹೊಲದಲ್ಲಿ ಒಂದು ಹಳೆಯ ಮರದ ಬೊಡ್ಡೆ ಉಳಿದುಕೊಂಡಿದೆ. ಅಪ್ಪ ಬಹಳ ದಿನದಿಂದ ಅದರ ಜೊತೆ ಗುದ್ದಾಡುತ್ತಿದ್ದಾನೆ. ಶೇನ್ ಏನೂ ಹೇಳದೆ ಕೊಡಲಿ ತೆಗೆದುಕೊಂಡು ಬೇರು ಕಡಿಯಲು ನಿಲ್ಲುತ್ತಾನೆ. ಆ ಮೇಲೆ ಅಪ್ಪನೂ ಸೇರುತ್ತಾನೆ. ಇಬ್ಬರೂ ಮಾತಾಡುವುದಿಲ್ಲ, ಕೊಡಲಿ ಏಟು ಮಾತ್ರ. ಕುದುರೆ ಕಟ್ಟಿ ಎಳೆಸಿದರೆ ಸುಲಭ ಅಲ್ವಾ ಅಂದರೆ ಅಪ್ಪ ಒಪ್ಪುವುದಿಲ್ಲ. ಒಂದು ಗುಂಡೂ ಹಾರದ ಈ ಪುಟಗಳಲ್ಲೇ ಇಬ್ಬರ ಸ್ನೇಹ ಬೇರು ಬಿಡುವುದು. 'ಆ್ಯಕ್ಷನ್ ಯಾವಾಗ' ಅಂತ ಪುಟ ಹಾರಿಸುವವರು ಇದನ್ನೇ ಕಳೆದುಕೊಳ್ಳುತ್ತಾರೆ.

ಎರಡನೆಯದು ಚಾರ್ಲ್ಸ್ ಪೋರ್ಟಿಸ್ ಅವರ 'ಟ್ರೂ ಗ್ರಿಟ್', 1968. ಅಪ್ಪನನ್ನು ಕೊಂದವನ ಬೆನ್ನು ಹತ್ತಿದ 14 ವರ್ಷದ ಮ್ಯಾಟಿಯ ಕಥೆಯನ್ನು ಮುದುಕಿಯಾದ ಮ್ಯಾಟಿಯೇ ಹೇಳುತ್ತಾಳೆ. ಕುದುರೆ ವ್ಯಾಪಾರಿಯ ಜೊತೆ ಅವಳು ಮಾಡುವ ಚೌಕಾಶಿಯನ್ನು ಜೋರಾಗಿ ಓದಿ. ಸಂತೆಯಲ್ಲಿ ಬೆಳೆದವರಿಗೆ ಹಬ್ಬ. ಇದರ ಮೇಲೆ ಅಲನ್ ಲೆ ಮೇ ಅವರ 'ದಿ ಸರ್ಚರ್ಸ್', 1954. ಇದು ಭಾರದ ಪುಸ್ತಕ. ಸಿನಿಮಾದ ಈಥನ್ ಇಲ್ಲಿ ಏಮಸ್, ಅವನಿಗೆ ಕೊನೆಗೆ ಆಗುವುದೂ ಬೇರೆ. 'ರೈಡರ್ಸ್ ಆಫ್ ದಿ ಪರ್ಪಲ್ ಸೇಜ್' ಥರದ ಹಳೆಯ ಕಾದಂಬರಿಗಳ ಸರದಿ ಇದಾದ ಮೇಲೆ.

ದಾರಿ ತಪ್ಪುತ್ತಿರುವುದರ ಲಕ್ಷಣಗಳು

ಇಪ್ಪತ್ತು ಪುಟ ಆದರೂ ಜಮೀನು ಯಾರದು, ದನ ಯಾರದು ಗೊತ್ತಾಗುತ್ತಿಲ್ಲವೇ? ಹಂತ 4ಕ್ಕೆ ಹಿಂದಿರುಗಿ.

'ಸಿನಿಮಾದಲ್ಲಿ ಹೀಗಿರಲಿಲ್ಲ' ಅಂತ ಸಿಟ್ಟು ಬರುತ್ತಿದೆಯೇ? ಬೇಗ ಓದಲು ಕೂತಿದ್ದೀರಿ. ಎರಡು ದಿನ ಬಿಡಿ.

ಮೂರು ಪುಸ್ತಕ ಆದ ಮೇಲೆ ಎಲ್ಲ ಒಂದೇ ಥರ ಅನ್ನಿಸುತ್ತಿದೆಯೇ? ಒಂದೇ ಲೇಖಕರಿಗೆ ಅಂಟಿಕೊಂಡಿದ್ದೀರಿ. ಹಂತ 7ರಿಂದ ಬೇರೆಯವರನ್ನು ತೆಗೆಯಿರಿ.

ಕೊನೆಯ ಲಕ್ಷಣ ಗಂಭೀರ. ಅಲ್ಲಿನ ಮೂಲನಿವಾಸಿಗಳು ಕಥೆಯಲ್ಲಿ ಹೆಸರಿಲ್ಲದ ಗುಂಪಾಗಿ ಗುಡ್ಡದ ಮೇಲೆ ಬಂದು, ಗುಂಡೇಟಿಗೆ ಬಿದ್ದು ಹೋಗುತ್ತಿದ್ದಾರೆ. ಅದು ನಿಮಗೆ ಗಮನಕ್ಕೇ ಬರುತ್ತಿಲ್ಲ. ಹಾಗಾಗಿದ್ದರೆ ಮುಂದಿನ ಹಂತವನ್ನು ಬಿಡಲೇಬೇಡಿ.

ಹಂತ 9: ಗುಡ್ಡದ ಆಚೆಯವರು ಬರೆದದ್ದನ್ನು ಓದಿ

'ದಿ ಸರ್ಚರ್ಸ್'ನ ಹಿಂದೆ ನಿಜ ಘಟನೆಗಳ ನೆರಳಿದೆ. 1836ರಲ್ಲಿ ಸಿಂಥಿಯಾ ಆ್ಯನ್ ಪಾರ್ಕರ್ ಎಂಬ ಪುಟ್ಟ ಹುಡುಗಿಯನ್ನು ಕೊಮಾಂಚಿ ಎಂಬ ಮೂಲನಿವಾಸಿ ಜನಾಂಗದವರು ಹೊತ್ತೊಯ್ದರು. ಅವಳು ಅವರಲ್ಲೇ ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತಳು. 1860ರಲ್ಲಿ ಬಿಳಿಯರು ಅವಳನ್ನು ಹಿಡಿದು ತಂದರು. ಅವಳ ಮಗ ಕ್ವಾನಾ ಪಾರ್ಕರ್ ಮುಂದೆ ಕೊಮಾಂಚಿಗಳ ನಾಯಕನಾದ. ಈ ಮಗನ ಕಡೆಯಿಂದ ನೋಡಿದರೆ, ಹೊತ್ತೊಯ್ದ ಹುಡುಗಿಯನ್ನು ಹುಡುಕಿ ಅಲೆಯುವ 'ದಿ ಸರ್ಚರ್ಸ್' ಕಥೆಯ ಅರ್ಥವೇ ತಿರುವುಮುರುವಾಗುತ್ತದೆ.

ಆ ಕಡೆಯ ದನಿಗೆ ಜಿಟ್ಕಾಲಾ ಶಾ ಅವರಿಂದ ಶುರು ಮಾಡಿ. ಯಾಂಕ್ಟನ್ ಡಕೋಟಾ ಜನಾಂಗದವರು, ಹುಟ್ಟಿದ್ದು 1876ರಲ್ಲಿ. 1921ರ 'ಅಮೆರಿಕನ್ ಇಂಡಿಯನ್ ಸ್ಟೋರೀಸ್' ಕೂಡ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎಂಟು ವರ್ಷದ ಹುಡುಗಿಯಾಗಿ ಇಂಡಿಯಾನಾದ ಬೋರ್ಡಿಂಗ್ ಶಾಲೆಗೆ ಹೋದ ನೆನಪು ಇದೆ. ಕೂದಲು ಕತ್ತರಿಸುತ್ತಾರೆ ಅಂತ ಗೊತ್ತಾಗಿ ಅವಳು ಮಹಡಿಯ ಮೇಲಿನ ಕೋಣೆಯಲ್ಲಿ ಮಂಚದ ಕೆಳಗೆ ಅಡಗುತ್ತಾಳೆ. ಎಳೆದು ತಂದು ಕುರ್ಚಿಗೆ ಕಟ್ಟುತ್ತಾರೆ. ಕತ್ತಿನ ಮೇಲೆ ಕತ್ತರಿಯ ತಣ್ಣನೆಯ ಅಲಗು ತಾಗುತ್ತದೆ. ಅವರ ಜನರಲ್ಲಿ ಕೂದಲು ಕತ್ತರಿಸಿಕೊಳ್ಳುವುದು ಸಾವಿನ ದುಃಖದಲ್ಲಿರುವವರು, ಹೇಡಿಗಳ ಗುರುತು ಅಂತ ಅವಳೇ ಹೇಳುತ್ತಾಳೆ.

ಇದನ್ನು ಓದಿ ಮುಗಿಸಿ, ಒಂದು ದಿನ ಬಿಟ್ಟು, ನೀವು ಮೊದಲು ನೋಡಿದ್ದ ಅದೇ ಸಿನಿಮಾವನ್ನು ಮತ್ತೆ ಹಾಕಿ. ನೋಟ್‌ಬುಕ್ ಪಕ್ಕದಲ್ಲಿರಲಿ. ಹಂತ 1ರಲ್ಲಿ ಬರೆದ ದೃಶ್ಯ ಬಂದಾಗ ಒಂದು ಕ್ಷಣ ನಿಲ್ಲಿಸಿ, ಚೌಕಟ್ಟಿನ ಅಂಚಿನಲ್ಲಿ ಯಾರು ನಿಂತಿದ್ದಾರೆ ಅಂತ ನೋಡಿ. ಅವರನ್ನು ಹಿಂದಿನ ಸಾಲುಗಳ ಕೆಳಗೇ ಬರೆದುಕೊಳ್ಳಿ.